ಕಲ್ಲಿನ ಮೇಲೆ ಅವ್ರ ಕೆಲಸಾನೂ ಬರೀರಿ

ಎಲ್ರಿಗೂ ನಮಸ್ಕಾರ. ಇವತ್ತು ಒಂದು ಹಾಸ್ಟೆಲ್ ಬಿಲ್ಡಿಂಗಿಂದ ಶುರು ಮಾಡ್ತೀನಿ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಮಾರ್ಗನ್‌ಟೌನ್ ಅಂತ ಒಂದೂರು, ಅಲ್ಲಿನ ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿ ನಾಲ್ಕು ಟವರ್ ಹಾಸ್ಟೆಲ್‌ಗಳಿದಾವೆ, ಅದ್ರಲ್ಲಿ ಒಂದರ ಹೆಸರು ಬೆನೆಟ್ ಟವರ್. ಅದು ಥಾಮಸ್ ಬೆನೆಟ್ ಅನ್ನೋ ಹುಡುಗನ ನೆನಪಿಗೆ ಇಟ್ಟಿರೋ ಹೆಸರು. ಅದೇ ಊರಲ್ಲಿ ಹುಟ್ಟಿದವನು, ಅದೇ ಯೂನಿವರ್ಸಿಟೀಲಿ ಓದಿದವನು, ವಿಯೆಟ್ನಾಂ ಯುದ್ಧದಲ್ಲಿ ಸತ್ತಾಗ ಅವನಿಗೆ ಬರೀ 21 ವರ್ಷ.

ಇವನ ಕಥೆ ಯಾಕೆ ನನ್ನ ತಲೇಲಿ ಕೂತ್ಕೊಂಡಿದೆ ಅಂದ್ರೆ, ಈ ಹುಡುಗ ದೇವ್ರನ್ನ ನಂಬಿದವನು, ಮನುಷ್ಯನನ್ನ ಕೊಲ್ಲೋದು ನನ್ನ ಕೈಲಾಗಲ್ಲ, ಬಂದೂಕು ಮುಟ್ಟಲ್ಲ ಅಂದವನು. ಹಂಗಂತ ಮನೇಲೂ ಕೂರ್ಲಿಲ್ಲ, ಸೈನ್ಯಕ್ಕೆ ಹೋದ, ಮೆಡಿಕ್ ಆದ. ಮೆಡಿಕ್ ಅಂದ್ರೆ ಡಾಕ್ಟರ್ ಅಲ್ಲ, ಗುಂಡು ಹಾರ್ತಾ ಇರೋ ಜಾಗದಲ್ಲೇ ಓಡಿ ಹೋಗಿ, ಬಿದ್ದವರ ರಕ್ತ ನಿಲ್ಸಿ, ಹೊತ್ಕೊಂಡು ಹಿಂದಕ್ಕೆ ತರೋ ಸಿಪಾಯಿ. 1969ರ ಫೆಬ್ರವರಿ 9ಕ್ಕೆ ಪ್ಲೇಕು ಪ್ರಾಂತ್ಯದ ಚು ಪಾ ಅನ್ನೋ ಕಡೆ ಇವನ ಪ್ಲಟೂನ್ ಮೇಲೆ ದಾಳಿ ಆಯ್ತು, ಮುಂದೆ ಹೋಗ್ತಿದ್ದ ಮೂರು ಜನ ಬಿದ್ರು, ಇವನು ಆ ಗುಂಡಿನ ನಡುವೇನೆ ಓಡಿದ, ಕಟ್ಟು ಕಟ್ಟಿದ, ಅವ್ರನ್ನ ಹೊತ್ಕೊಂಡು ಬಂದ, ಮತ್ತೆ ಹೋದ, ಮತ್ತೆ ಬಂದ. ಆ ರಾತ್ರಿ ಪೂರ್ತಿ, ಮಾರನೇ ದಿನಾನೂ, ಗಾಯ ಆದವರ ಹತ್ರ ಒಬ್ಬೊಬ್ರ ಹತ್ರಾನೂ ಹೋಗಿ ನೋಡ್ಕೊಂಡ, ಸಮಾಧಾನ ಮಾಡ್ದ. ಹನ್ನೊಂದನೇ ತಾರೀಕು ಮತ್ತೆ ಕಾಳಗ, ಐದು ಜನ ಬಿದ್ರು. ಒಬ್ಬನಿಗೆ ಪಟ್ಟಿ ಕಟ್ಟಿ ಇನ್ನೊಬ್ಬನ ಕಡೆ ಹೊರಟಾಗ ಜೊತೆಯವರು ತಡೆದ್ರು, ಬೇಡ, ಅಲ್ಲಿಗೆ ಹೋಗೋಕೆ ಆಗಲ್ಲ ಅಂದ್ರು. ಹೋದ. ಅಲ್ಲೇ ಹೋಗ್ಬಿಟ್ಟ.

ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ, ಮೆಡಲ್ ಆಫ್ ಆನರ್, ಅವನಿಗೆ ಬಂತು. 1970ರ ಏಪ್ರಿಲ್ 7ರಂದು ಪ್ರೆಸಿಡೆಂಟ್ ನಿಕ್ಸನ್ ಅದನ್ನ ಅವನ ತಾಯಿ ಕೈಗೆ ಕೊಟ್ರು, ಅವತ್ತು ಅವನ ಹುಟ್ಟುಹಬ್ಬ, ಇದ್ದಿದ್ರೆ 23 ತುಂಬ್ತಿತ್ತು. ಆ ತಾಯಿ ಆ ಡಬ್ಬಿ ಹಿಡ್ಕೊಂಡು ನಿಂತಿದ್ದನ್ನ ನೆನೆಸ್ಕೊಂಡ್ರೆ ನಂಗೆ ಮುಂದಕ್ಕೆ ಮಾತೇ ಬರಲ್ಲ.

ಊರಿನ ಹುಡುಗನ ಹೆಸರನ್ನ ಅವನದೇ ವಯಸ್ಸಿನ ಹುಡುಗ್ರು ಹುಡ್ಗೀರು ಇರೋ ಹಾಸ್ಟೆಲ್‌ಗೆ ಇಟ್ಟಿದ್ದು ನಂಗೆ ತುಂಬಾ ಇಷ್ಟ ಆಯ್ತು. ಆದ್ರೆ ಹೆಸರೊಂದೇ ಇಟ್ರೆ ಬರ್ತಾ ಬರ್ತಾ ಅದು ಬರೀ ಅಡ್ರೆಸ್ ಆಗ್ಬಿಡುತ್ತೆ. ನಮ್ಮ ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ ಇದೆ, ದಿನಾ ಎಷ್ಟು ಜನ ಆಟೋದವ್ರಿಗೆ ಉನ್ನಿಕೃಷ್ಣನ್ ರೋಡ್ ಅಂತಾರೆ, ಆ ಹೊತ್ತಿಗೆ 2008ರ ಮುಂಬೈ ನೆನಪಾಗೋದು ಎಷ್ಟು ಜನಕ್ಕೆ?

ಇನ್ನು ಊರಲ್ಲಿ ಕಟ್ಟೋ ಸ್ಮಾರಕಗಳ ವಿಷ್ಯ. ಒಂದೂರಿನ ಬಸ್ ಸ್ಟ್ಯಾಂಡ್ ಹತ್ರ ನಾನೇ ನಿಂತು ಓದಿದೀನಿ, ಕಪ್ಪು ಗ್ರಾನೈಟ್ ಫಲಕ, ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಅಂತ ಸಾಲು ಸಾಲಾಗಿ ಹೆಸರು, ಸತ್ತ ಸೈನಿಕನಿಗೆ ಸಿಕ್ಕಿದ್ದು ಎರಡೇ ಪದ, ವೀರಯೋಧ ಮತ್ತೆ ಅವರ ಹೆಸರು. ಅವರು ಎಲ್ಲಿದ್ರು, ಏನು ಕೆಲಸ ಮಾಡ್ತಿದ್ರು, ಯಾರನ್ನ ಉಳಿಸೋಕೆ ಹೋಗಿ ಜೀವ ಕೊಟ್ರು, ಒಂದಕ್ಷರ ಇಲ್ಲ. ನಂಗೆ ಹೊಟ್ಟೆ ಉರೀತು, ಇವತ್ತಿಗೂ ಉರಿಯುತ್ತೆ.

ಯಾಕಂದ್ರೆ ಇದು ನಮಗೆ ಬರದೇ ಇರೋ ವಿದ್ಯೆ ಅಲ್ಲ! ನಮ್ಮ ಊರೂರಲ್ಲೂ ವೀರಗಲ್ಲುಗಳಿದಾವಲ್ಲ, ಕೆಳಗಿನ ಪಟ್ಟಿಕೆ ನೋಡಿ, ಆ ಮನುಷ್ಯ ಹೆಂಗೆ ಸತ್ತ ಅನ್ನೋದು ಅಲ್ಲೇ ಇರುತ್ತೆ, ದನ ಬಿಡಿಸ್ಕೊಳ್ಳೋಕೆ ಹೋದವನ ಪಕ್ಕ ದನ ಇರುತ್ತೆ. ಮಂಡ್ಯ ಕಡೆಯ ಆತಕೂರಿನ ಕಲ್ಲು ಬೆಂಗಳೂರು ಮ್ಯೂಸಿಯಮ್ಮಲ್ಲಿದೆ, ಸುಮಾರು 950ನೇ ಇಸವೀದು, ಕಾಳಿ ಅನ್ನೋ ಒಂದು ನಾಯಿಗೋಸ್ಕರ ನಿಲ್ಸಿದ್ದು. ಆ ನಾಯಿ ಕಾಡುಹಂದಿ ಮೇಲೆ ಬಿದ್ದು ಕಾದಾಡಿ ಎರಡೂ ಸತ್ವು, ಕಲ್ಲಲ್ಲಿ ನಾಯೀನೂ ಇದೆ ಹಂದೀನೂ ಇದೆ, ನಾಯಿ ಹೆಸರಿದೆ, ಆ ಕಲ್ಲಿಗಂತ ಭೂಮಿ ಕೊಟ್ಟಿದ್ದಿದೆ, ಪೂಜೆ ಮಾಡ್ದೆ ಗೊರವ, ಅಂದ್ರೆ ಅಲ್ಲಿನ ಪೂಜಾರಿ, ಊಟ ಮಾಡಿದ್ರೆ ಪಾಪ ಅಂತಾನೂ ಬರೆಸಿದಾರೆ. ಒಂದು ನಾಯಿಗೆ ಇಷ್ಟು ಬರೆದ ಜನ ಕಣ್ರೀ ನಾವು.

ಈಗ 2016ರ ಫೆಬ್ರವರಿ 3ಕ್ಕೆ ಬನ್ನಿ. ಸಿಯಾಚಿನ್, 19,600 ಅಡಿ ಎತ್ತರದ ಸೋನಮ್ ಪೋಸ್ಟ್, ಹಿಮಕುಸಿತದಲ್ಲಿ ಮದ್ರಾಸ್ ರೆಜಿಮೆಂಟಿನ ಪೋಸ್ಟೇ ಮುಚ್ಚಿ ಹೋಯ್ತು, ಹತ್ತು ಜನ. ನಮಗೆಲ್ಲ ನೆನಪಿರೋದು ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ, ಆರು ದಿನ ಹಿಮದಡಿ ಇದ್ದು ಉಸಿರಾಡ್ತಾ ಸಿಕ್ಕಿ, 11ನೇ ತಾರೀಕು ದೆಹಲೀಲಿ ತೀರ್ಕೊಂಡ್ರು. ಬೆನೆಟ್ ಸತ್ತಿದ್ದೂ ಫೆಬ್ರವರಿ 11ಕ್ಕೇನೆ, ಇದನ್ನ ನೋಡಿದಾಗ ಮೈ ಜುಮ್ ಅಂತು. ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಮಹೇಶ ಕೂಡ ಅಲ್ಲೇ ಇದ್ರು. ಆದ್ರೆ ಸೈನ್ಯ ಕೊಟ್ಟ ಆ ಹತ್ತು ಜನರ ಪಟ್ಟೀಲಿ ಹತ್ತನೇ ಹೆಸರೊಂದಿದೆ, ಸುನಿಲ್ ಸೂರ್ಯವಂಶಿ, ಸಾತಾರಾ ಜಿಲ್ಲೆ ಮಸ್ಕರವಾಡಿ. ಮಿಕ್ಕ ಒಂಬತ್ತೂ ಜನ ನಮ್ಮ ದಕ್ಷಿಣದವ್ರು, ಇವ್ರೊಬ್ರೇ ಮರಾಠಿಯವ್ರು, ಇವ್ರ ಹೆಸರಿಗೆ ಮಾತ್ರ ನರ್ಸಿಂಗ್ ಅಸಿಸ್ಟೆಂಟ್ ಅಂತ ಸೇರ್ಸಿದಾರೆ.

ನಮ್ಮ ಸೈನ್ಯದಲ್ಲಿ ಮೆಡಿಕ್‌ನ ಕರೆಯೋದೇ ಹಂಗೆ. ಅಂಥಾ ಎತ್ತರದ ಸಣ್ಣ ಪೋಸ್ಟಲ್ಲಿ ಡಾಕ್ಟರ್ ಇರಲ್ಲ, ಡಾಕ್ಟರ್ ಕೆಳಗಡೆ ಇರ್ತಾರೆ, ಮೇಲೆ ಇವ್ರೇ ಎಲ್ಲ. ಯಾರ ಕಾಲ್ಬೆರಳು ಕಪ್ಪಾಗ್ತಿದೆ, ಯಾರಿಗೆ ಉಸಿರಾಟದಲ್ಲಿ ಗೊರಗೊರ ಶಬ್ದ ಬರ್ತಿದೆ, ಅಂದ್ರೆ ಶ್ವಾಸಕೋಶದಲ್ಲಿ ನೀರು ತುಂಬ್ತಿದೆಯಾ, ಯಾರನ್ನ ತಕ್ಷಣ ಕೆಳಗೆ ಕಳಿಸ್ಬೇಕು, ಆಕ್ಸಿಜನ್ ಯಾರಿಗೆ ಹಾಕ್ಬೇಕು. ಅಲ್ಲಿಗೆ ಡ್ಯೂಟಿಗೆ ಹೋದ ನಮ್ಮ ಹುಡುಗ್ರು ಕಾಲು ಕೈ ಸರಿಯಾಗಿಟ್ಕೊಂಡು ವಾಪಸ್ ಮನೆಗೆ ಬಂದಿದಾರೆ ಅಂದ್ರೆ ಅದ್ರಲ್ಲಿ ಇಂಥವ್ರ ಕೈ ಇದೆ.

ಅದಕ್ಕೇ ನಾನು ಕೇಳ್ಕೊಳ್ಳೋದು, ನಿಮ್ಮೂರಲ್ಲಿ ಸೈನಿಕರ ಸ್ಮಾರಕ ಕಟ್ತಿದ್ರೆ, ಸಮಿತೀಲಿ ನೀವಿದ್ರೆ, ಗ್ರಾನೈಟಿನವ್ರಿಗೆ ಮ್ಯಾಟರ್ ಕೊಡೋ ಮುಂಚೆ ಅವ್ರ ಮನೆಗೆ ಹೋಗಿ, ಅವ್ರ ಅಮ್ಮನ ಹತ್ರ, ಹೆಂಡ್ತಿ ಹತ್ರ ಕೂತು ಕೇಳಿ, ಜೊತೆಗಿದ್ದವ್ರಿಗೆ ಫೋನ್ ಮಾಡಿ. ಅಡುಗೆ ಮಾಡ್ತಿದ್ರಾ, ಗಾಡಿ ಓಡಿಸ್ತಿದ್ರಾ, ವೈರ್‌ಲೆಸ್ ನೋಡ್ಕೋತಿದ್ರಾ, ಪಟ್ಟಿ ಕಟ್ತಿದ್ರಾ, ಅದನ್ನ ಬರೆಸಿ. ಜಾಗ ಸಾಲ್ದಿದ್ರೆ ಅತಿಥಿಗಳ ಹೆಸರು ತೆಗೀರಿ.

ಸುನಿಲ್ ಸೂರ್ಯವಂಶಿಯವರಿಗೆ ನಮ್ಮ ಕಡೆಯ ಹಾಗೆ ಒಂದು ವೀರಗಲ್ಲು ಕೆತ್ತಿಸೋದಾದ್ರೆ ಹೆಂಗಿರ್ಬೇಕು ಅಂತ ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ. ಅಕ್ಷರ ಮರಾಠೀಲಿರ್ಲಿ, ಅವ್ರ ಊರವ್ರು ಓದ್ಬೇಕಲ್ಲ. ಕೆಳಗಿನ ಪಟ್ಟಿಕೇಲಿ ಹಿಮ, ಹಿಮದ ಮಧ್ಯೆ ಒಂದು ಟೆಂಟು, ಟೆಂಟೊಳಗೆ ಒಬ್ಬ ಸಿಪಾಯಿ ಬೂಟು ಬಿಚ್ಚಿ ಕಾಲು ಚಾಚಿ ಕೂತಿದಾನೆ, ಇವ್ರು ಅವನ ಪಾದವನ್ನ ತಮ್ಮ ಎರಡೂ ಕೈಯಲ್ಲಿ ಹಿಡ್ಕೊಂಡು ಬೆರಳು ಒಂದೊಂದಾಗಿ ನೋಡ್ತಿದಾರೆ, ಪಕ್ಕದಲ್ಲಿ ಔಷಧಿ ಡಬ್ಬಿ ತೆರೆದಿದೆ.