ಫಾರ್ವರ್ಡ್ ಆಗ್ಬೇಕಂತ ಬಂದ ಹುಡುಗ

ನಮಸ್ಕಾರ ಕೇಳುಗರೇ. ಇವತ್ತು ಹದಿನೈದು ವರ್ಷದ ಒಬ್ಬ ಹುಡುಗನ ಬಗ್ಗೆ ಮಾತಾಡೋಣ ಅಂತಿದೀನಿ. ಹೆಸರು ಆವೊಯಿ ಅಶಿತೊ. ನಿಜವಾದ ಮನುಷ್ಯ ಅಲ್ಲ, 'ಆವೊ ಅಶಿ' ಅನ್ನೋ ಜಪಾನಿನ ಅನಿಮೆಯಲ್ಲಿ, ಅಂದ್ರೆ ಅಲ್ಲಿನ ಕಾರ್ಟೂನ್ ಸೀರಿಯಲ್ಲಲ್ಲಿ, ಬರೋ ಫುಟ್ಬಾಲ್ ಹುಡುಗ.

ನಂಗೆ ಇದನ್ನ ತೋರ್ಸಿದ್ದು ನಮ್ಮಕ್ಕನ ಮಗ. ಅವನೂ ಆಡ್ತಾನೆ, ಹದಿಮೂರು ವರ್ಷ, ಒಂದಿನ ಗ್ರೌಂಡಿಂದ ಬಂದವನೇ ಬ್ಯಾಗ್ ಮೂಲೆಗೆಸ್ದು ಊಟಾನೂ ಮಾಡ್ದೆ ಮಲಗಿಬಿಟ್ಟಿದ್ದ, ಯಾಕೋ ಏನಾಯ್ತೋ ಅಂದ್ರೆ ಮುಖ ಗೋಡೆ ಕಡೆ ಮಾಡ್ಕೊಂಡೇ "ಮಾಮ, ನನ್ನ ಬ್ಯಾಕಿಗೆ ಹಾಕಿದ್ರು" ಅಂದ. ಅಷ್ಟೇ. ಆ ಎರಡು ಮಾತಲ್ಲಿ ಎಷ್ಟು ನೋವಿತ್ತು ಅಂತ ಬೀದೀಲಿ ಬಾಲ್ ಆಡಿದ ಯಾರಿಗಾದ್ರೂ ಅರ್ಥ ಆಗುತ್ತೆ. ನಮ್ಮ ಕಡೆ ಚೆನ್ನಾಗಿ ಆಡೋನು ಮುಂದೆ ನಿಂತು ಗೋಲ್ ಹೊಡೆಯೋ ಫಾರ್ವರ್ಡು, ಉಳಿದವರು ಹಿಂದೆ ನಿಂತು ತಡೆಯೋ ಬ್ಯಾಕು, ಯಾರೂ ಒಪ್ಪದಿದ್ರೆ ಚಿಕ್ಕವನ್ನ ಹಿಡ್ಕೊಂಡು ಗೋಲಿ ಮಾಡೋದು. ಅದಾಗಿ ಒಂದು ವಾರಕ್ಕೆ ಫ್ರೆಂಡ್ ಮನೇಲಿ ಈ ಅನಿಮೆ ನೋಡಿ ಬಂದು ನನ್ನನ್ನೂ ಪಕ್ಕದಲ್ಲಿ ಕೂರಿಸ್ಕೊಂಡ.

ಕತೆ ಶುರುವಾಗೋದು ಎಹಿಮೆ ಅನ್ನೋ ಪ್ರಾಂತ್ಯದಲ್ಲಿ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಚಿಕ್ಕದಾದ ಶಿಕೊಕುನಲ್ಲಿದೆ ಅದು. ಕಡಲ ಪಕ್ಕದ ಸಣ್ಣ ಊರು, ಅಮ್ಮ ಒಬ್ಬಳೇ ದುಡ್ದು ಇಬ್ಬರು ಗಂಡುಮಕ್ಕಳನ್ನ ಸಾಕ್ತಿರ್ತಾಳೆ, ಅದ್ರಲ್ಲಿ ಚಿಕ್ಕವನು ಅಶಿತೊ. ಇವನಿಗೆ ಗೋಲ್ ಹೊಡೆಯೋದು ಬಿಟ್ರೆ ಬೇರೇನೂ ಬೇಡ. ಕೋಪ ಮಾತ್ರ ಮೂಗಿನ ತುದೀಲೇ ಇರುತ್ತೆ. ಮಿಡ್ಲ್ ಸ್ಕೂಲಿನ ಕೊನೇ ಟೂರ್ನಮೆಂಟಲ್ಲಿ ಎದುರಾಳಿ ಹುಡುಗ ಕೆಣಕಿದ ಅಂತ ತಲೆಯಿಂದ ಗುದ್ದಿ ರೆಡ್ ಕಾರ್ಡ್ ತಗೊಂಡು ಹೊರಗೆ ಹೋಗ್ತಾನೆ, ಸೇರ್ಬೇಕಂತಿದ್ದ ಹೈಸ್ಕೂಲೂ ಕೈತಪ್ಪುತ್ತೆ. ಆ ಮ್ಯಾಚ್ ನೋಡಿದ್ದ ಒಬ್ಬರು ಅವನನ್ನ ಹುಡುಕ್ಕೊಂಡು ಬರ್ತಾರೆ, ಫುಕುದಾ ತತ್ಸುಯಾ, ಟೋಕಿಯೊ ಎಸ್ಪೆರಿಯಾನ್ ಅನ್ನೋ ದೊಡ್ಡ ಕ್ಲಬ್ಬಿನ ಯೂತ್ ಟೀಮ್ ಕೋಚ್. ಸೆಲೆಕ್ಷನ್ನಿಗೆ ಟೋಕಿಯೊಗೆ ಬಾ ಅಂತಾರೆ.

ಇಲ್ಲೊಂದು ವಿಷ್ಯ ಹೇಳ್ಬೇಕು, ಇಲ್ಲಾಂದ್ರೆ ಈ ಕತೆಯ ಭಾರ ಗೊತ್ತಾಗಲ್ಲ. ಜಪಾನಲ್ಲಿ ಆಟಗಾರ ಆಗ್ಬೇಕು ಅನ್ನೋ ಹುಡುಗನಿಗೆ ಮುಖ್ಯವಾಗಿ ಎರಡು ದಾರಿ. ಒಂದು ಹೈಸ್ಕೂಲ್ ಟೀಮು, ಚಳಿಗಾಲದಲ್ಲಿ ಇಡೀ ದೇಶದ ಹೈಸ್ಕೂಲ್ ಟೂರ್ನಮೆಂಟ್ ನಡೆಯುತ್ತೆ, ಜನ ಟಿವಿ ಮುಂದೆ ಕೂತು ನೋಡ್ತಾರೆ. ಇನ್ನೊಂದು ಕ್ಲಬ್ ಅಕಾಡೆಮಿ, 1993ರಲ್ಲಿ ಅಲ್ಲಿನ ಪ್ರೊಫೆಷನಲ್ ಫುಟ್ಬಾಲ್ ಲೀಗ್, ಜೆ ಲೀಗ್, ಶುರುವಾದ್ಮೇಲೆ ಗಟ್ಟಿಯಾದ ದಾರಿ, ಚಿಕ್ಕ ಮಕ್ಕಳಿಂದ ಹಿಡಿದು ಹದಿನೆಂಟರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಸ್ತಾರೆ, ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಹುಡುಗರನ್ನ ಸಾಕು ಅಂತ ಕಳಿಸ್ತಾರೆ. 2011ರಿಂದ ಅಂಡರ್ 18 ಪ್ರೀಮಿಯರ್ ಲೀಗ್ ಅಂತ ಮಾಡಿ ಸ್ಕೂಲ್ ಟೀಮು ಕ್ಲಬ್ ಟೀಮು ಎರಡನ್ನೂ ಒಂದೇ ಲೀಗಲ್ಲಿ ಆಡಿಸ್ತಿದಾರೆ. ಸಾಕು ಅಂತ ಕಳಿಸಿದವರೆಲ್ಲ ಆಟ ಬಾರದವರು ಅಂದ್ಕೋಬೇಡಿ. ಜಪಾನ್ ಪರ ಮೂರು ವರ್ಲ್ಡ್ ಕಪ್ಪಲ್ಲಿ ಗೋಲ್ ಹೊಡೆದ ಕೆಯ್ಸುಕೆ ಹೊಂಡಾನ ಗಾಂಬಾ ಒಸಾಕಾ ಕ್ಲಬ್ಬು ಯೂತ್ ಟೀಮಿಗೆ ತಗೊಳ್ಳಲಿಲ್ಲ, ಫ್ರೀ ಕಿಕ್ಕಿಗೆ ಹೆಸರಾದ ಶುನ್ಸುಕೆ ನಕಾಮುರಾಗೂ ಯೊಕೊಹಾಮಾದಲ್ಲಿ ಅದೇ ಆಗಿತ್ತು, ಇಬ್ಬರೂ ಹೈಸ್ಕೂಲ್ ದಾರಿ ಹಿಡ್ದು ಮೇಲೆ ಬಂದ್ರು.

ಅಂಥ ಜಾಗಕ್ಕೆ ಹಳ್ಳಿ ಹುಡುಗ ಅಶಿತೊ ಬರ್ತಾನೆ. ಅಮ್ಮ ಕೊಟ್ಟ ಪತ್ರ ದಾರೀಲಿ ಓದ್ಕೊಂಡು ಅಳೋ ಸೀನಿದೆ, ಅದನ್ನ ನಾನು ವಿವರಿಸಲ್ಲ, ನೀವೇ ನೋಡ್ಬೇಕು, ನಂಗಂತೂ ಗಂಟಲು ಕಟ್ಟಿತ್ತು. ಸೆಲೆಕ್ಷನ್ ದಾಟಿ ಒಳಗೆ ಹೋದ್ಮೇಲೆ ಗೊತ್ತಾಗೋದು, ತನಗೆ ಬೇಸಿಕ್ಕೇ ಬರಲ್ಲ ಅಂತ. ಮಿಕ್ಕ ಹುಡುಗರು ಚಿಕ್ಕಂದಿನಿಂದ ಕ್ಲಬ್ಬಲ್ಲೇ ಬೆಳೆದವರು, ಬರೋ ಬಾಲನ್ನ ನಿಲ್ಸೋದು, ನಿಲ್ಸಿದ್ದನ್ನ ಸರಿಯಾಗಿ ಒದೆಯೋದು ಅವರಿಗೆ ಉಸಿರಾಡಿದ ಹಾಗೆ. ಇವನ ಕಾಲಿಗೆ ಬಾಲ್ ತಗುಲಿದ್ರೆ ಎರಡು ಮಾರು ಆಚೆ ಹಾರುತ್ತೆ. ಪಾಸ್ ಕೊಟ್ರೆ ವೇಸ್ಟ್ ಅಂತ ಟೀಮಿನವರೇ ಬಾಲ್ ಕೊಡೋದು ನಿಲ್ಲಿಸ್ತಾರೆ. ಬರೀ ಬಾಲ್ ನಿಲ್ಸೋದನ್ನ ಕಲಿಯೋಕೆ ಅವನು ಪಡೋ ಪಾಡನ್ನ ಈ ಅನಿಮೆ ಅವಸರ ಮಾಡ್ದೆ ತೋರ್ಸುತ್ತೆ, ಬೇರೆ ಸ್ಪೋರ್ಟ್ಸ್ ಅನಿಮೆಗಳಲ್ಲಿ ಬೆಂಕಿ ಉಗುಳೋ ಶಾಟ್ ಇರೋ ಜಾಗದಲ್ಲಿ ಇಲ್ಲಿ ಒಂದು ಸರಿಯಾದ ಟ್ರ್ಯಾಪ್, ಅಂದ್ರೆ ಬಾಲ್ ನಿಲ್ಸೋದು, ಇರುತ್ತೆ, ಅದಕ್ಕೇ ನಂಗಿದು ಇಷ್ಟ.

ಇಷ್ಟಕ್ಕೂ ಫುಕುದಾ ಅವನಲ್ಲಿ ಕಂಡಿದ್ದೇನು? ಕಾಲಲ್ಲ, ಕಣ್ಣು. ಮೈದಾನದಲ್ಲಿ ಯಾರ್ಯಾರು ಎಲ್ಲೆಲ್ಲಿ ನಿಂತಿದಾರೆ, ಯಾವ ಕಡೆ ಓಡ್ತಿದಾರೆ ಅನ್ನೋದು ಅಶಿತೊಗೆ ಮೇಲಿಂದ ಹದ್ದು ನೋಡ್ದಂಗೆ ಕಾಣುತ್ತೆ, ಅದು ನೆನಪಲ್ಲೂ ಉಳಿಯುತ್ತೆ. ವಿಚಿತ್ರ ಅಂದ್ರೆ ಅದು ಅವನಿಗೇ ಗೊತ್ತಿಲ್ಲ. ಬಾಲ್ ಬಂದು ಬೀಳೋ ಜಾಗದಲ್ಲಿ ತಾನು ಹೆಂಗೋ ಇರ್ತೀನಿ, ಗೋಲ್ ಹೊಡೀತೀನಿ, ಹಂಗಾಗಿ ನಾನು ಹುಟ್ಟಾ ಫಾರ್ವರ್ಡ್ ಅಂತ ಅವನ ನಂಬಿಕೆ. ಫಾರ್ವರ್ಡ್ ಆಗಿ ಆಡಿ, ಟೀಮ್ ಜೊತೆ ಹೊಂದ್ಕೊಳ್ಳೋದನ್ನ ಕಲ್ತು, ಇನ್ನೇನು ದಾರಿ ಸಿಕ್ಕಿತು ಅನ್ನೋ ಹೊತ್ತಿಗೆ ಕೋಚ್ ಕರೆದು ಹೇಳ್ತಾರೆ, ಇನ್ಮೇಲೆ ನೀನು ಫುಲ್ ಬ್ಯಾಕ್, ಮತ್ತೆ ಫಾರ್ವರ್ಡಿಗೆ ವಾಪಸ್ ಹೋಗೋದಿಲ್ಲ ಅಂತ.

ಹುಡುಗ ಕುಸಿದು ಹೋಗ್ತಾನೆ. ಆ ಎಪಿಸೋಡ್ ನೋಡ್ತಾ ನಮ್ಮಕ್ಕನ ಮಗ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ.

ಯಾಕೆ ಫುಲ್ ಬ್ಯಾಕು? ಇದನ್ನ ರೇಡಿಯೊದಲ್ಲಿ ಹೇಳೋದು ಸ್ವಲ್ಪ ಕಷ್ಟ, ಆದ್ರೂ ಮನಸ್ಸಲ್ಲೇ ಒಂದು ಮೈದಾನ ಬರ್ಕೊಳ್ಳಿ. ಫಾರ್ವರ್ಡ್ ನಿಲ್ಲೋದು ಎದುರಾಳಿಗಳ ಮಧ್ಯೆ, ಅರ್ಧ ಹೊತ್ತು ಗೋಲಿಗೆ ಬೆನ್ನು ಹಾಕ್ಕೊಂಡು, ಹಿಂದಿಂದ ಯಾವನೋ ತಳ್ತಿರ್ತಾನೆ, ಅವನಿಗೆ ಕಾಣೋದು ಮೈದಾನದ ಒಂದು ತುಣುಕು. ಫುಲ್ ಬ್ಯಾಕ್ ನಿಲ್ಲೋದು ಅಂಚಿನ ಗೆರೆ ಪಕ್ಕ, ಹಿಂದಿನ ಸಾಲಲ್ಲಿ. ಗೆರೆ ಕಡೆಯಿಂದ ಯಾರೂ ಮೇಲೆ ಬೀಳಲ್ಲ, ಬೆನ್ನನ್ನ ಗೆರೆ ಕಡೆ ಮಾಡಿ ನಿಂತ್ರೆ ಹೆಚ್ಚುಕಮ್ಮಿ ಎಲ್ಲಾ ಆಟಗಾರರೂ ಕಣ್ಣ ಮುಂದೆ. ಎಲ್ಲವನ್ನೂ ನೋಡಬಲ್ಲ ಹುಡುಗನನ್ನ ಎಲ್ಲವೂ ಕಾಣೋ ಜಾಗದಲ್ಲಿ ನಿಲ್ಸೋದು, ಅಷ್ಟೇ ಫುಕುದಾ ಲೆಕ್ಕ. ಅಲ್ಲಿಂದ ಆಟ ಶುರು ಮಾಡು, ಅಲ್ಲಿಂದ ಆಟ ನಡೆಸು ಅಂತ. ಕತೆ ಆಯ್ತಲ್ಲ ಅನ್ಬೇಡಿ, 2013ರಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಲ್ಲಿ ಕೋಚ್ ಗಾರ್ಡಿಯೋಲಾ, ಫುಲ್ ಬ್ಯಾಕ್ ಫಿಲಿಪ್ ಲಾಮ್‌ನ ಮೈದಾನದ ನಡುವಿಗೆ, ಮಿಡ್‌ಫೀಲ್ಡಿಗೆ ತಂದು ಆಡ್ಸಿದ್ದು ಇಂಥದ್ದೇ ತಲೆ ಇದೆ ಅಂತ.

ಆದ್ರೆ ಕಂಡ ಮಾತ್ರಕ್ಕೆ ಆಗಲ್ಲ. ಡಿಫೆನ್ಸ್ ಅನ್ನೋದು ಅಶಿತೊಗೆ ಒಂದಿಷ್ಟೂ ಬರಲ್ಲ, ಯಾರ್ಯಾರೋ ದಾಟ್ಕೊಂಡು ಹೋಗ್ತಾರೆ, ಆಕುತ್ಸು ಅನ್ನೋ ಸೀನಿಯರ್ ಡಿಫೆಂಡರ್ ಮುಖಕ್ಕೆ ಹೊಡ್ದಂಗೆ ಬೈತಾನೆ. ಜೊತೆಗೆ ಬಾಲ್ ಬರೋದಕ್ಕೆ ಮುಂಚೆ ಕತ್ತು ತಿರುಗಿಸಿ ಸುತ್ತ ನೋಡೋ ಅಭ್ಯಾಸಾನೂ ಕಲೀಬೇಕು. ಅದು ಕೇಳೋಕೆ ಸುಲಭ, ನೀವೇ ರೋಡಲ್ಲಿ ಓಡ್ತಾ ಹಿಂದೆ ಮುಂದೆ ನೋಡಿ ಯಾರು ಎಲ್ಲಿದ್ರು ಅಂತ ನೆನಪಿಟ್ಕೊಂಡು ನೋಡಿ. ಅವನ ಹೆಸರಲ್ಲೇ ಇದರ ಸುಳಿವಿದೆ. ಅಶಿ ಅಂದ್ರೆ ಜೊಂಡು, ಕೆರೆ ಅಂಚಲ್ಲಿ ಬೆಳೆಯುತ್ತಲ್ಲ ಆ ಜೊಂಡುಹುಲ್ಲು. ಮನುಷ್ಯ ಒಂದು ಬಡ ಜೊಂಡು, ಆದ್ರೆ ಯೋಚ್ನೆ ಮಾಡೋ ಜೊಂಡು ಅಂತ 17ನೇ ಶತಮಾನದ ಫ್ರಾನ್ಸಿನ ತತ್ವಜ್ಞಾನಿ ಪಾಸ್ಕಲ್ ಹೇಳಿದ್ರು, ಅಶಿತೊಗೆ ಕಲಿಸೋದೂ ಅದನ್ನೇ, ಯೋಚ್ನೆ ಮಾಡು, ಕಾಲು ನಿಂತ್ರೂ ತಲೆ ನಿಲ್ಲಿಸ್ಬೇಡ.

ಇದನ್ನ ಬರೆದವರು ಕೊಬಾಯಾಶಿ ಯುಗೊ, ಅವರೂ ಎಹಿಮೆಯವರೇ. 2015ರಿಂದ ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸ್ ಆಗಿ ಬಂತು, 2020ರಲ್ಲಿ ಮಾಂಗಾಗಳಿಗೆ ಕೊಡೋ ಶೊಗಾಕುಕಾನ್ ಪ್ರಶಸ್ತಿ ಸಿಕ್ತು, 2022ರಲ್ಲಿ ಪ್ರೊಡಕ್ಷನ್ ಐಜಿ ಸ್ಟುಡಿಯೊ 24 ಎಪಿಸೋಡಿನ ಅನಿಮೆ ಮಾಡ್ತು.

ಎಹಿಮೆ ಅಂದಾಗೆಲ್ಲ ನಂಗೆ ಇನ್ನೊಬ್ಬರು ನೆನಪಾಗ್ತಾರೆ, ಇವರು ನಿಜವಾದ ಮನುಷ್ಯ. ಯುತೊ ನಾಗಾಟೊಮೊ. ಅದೇ ಎಹಿಮೆಯ ಸೈಜೊ ಊರು, ಅಲ್ಲೂ ಅಮ್ಮ ಒಬ್ಬರೇ ಮಕ್ಕಳನ್ನ ಸಾಕಿದ್ದು. ಚಿಕ್ಕವನಿದ್ದಾಗ ಎಹಿಮೆ ಎಫ್‌ಸಿ ಜೂನಿಯರ್ ಟೀಮಿನ ಟೆಸ್ಟಲ್ಲಿ ಫೇಲ್. ಮಿಡ್‌ಫೀಲ್ಡರ್ ಆಗಿದ್ದವರನ್ನ ಮೆಯ್ಜಿ ಯೂನಿವರ್ಸಿಟೀಲಿ ಫುಲ್ ಬ್ಯಾಕ್ ಮಾಡಿದ್ರು, ನಡುವೆ ಬೆನ್ನು ನೋವಿಂದ ಆಡೋಕಾಗ್ದೆ ಸ್ಟ್ಯಾಂಡಲ್ಲಿ ನಿಂತು ತಮ್ಮ ಟೀಮಿಗಾಗಿ ಡ್ರಮ್ ಬಾರಿಸ್ತಿದ್ರು. 2011ರಲ್ಲಿ ಅದೇ ಮನುಷ್ಯ ಇಟಲಿಯ ದೊಡ್ಡ ಕ್ಲಬ್ ಇಂಟರ್ ಮಿಲಾನಿಗೆ ಹೋದ್ರು. 2010ರಿಂದ 2022ರವರೆಗೆ ನಾಲ್ಕು ವರ್ಲ್ಡ್ ಕಪ್ ಆಡಿದ್ರು, ಕತಾರಲ್ಲಿ ಜಪಾನ್ ಜರ್ಮನೀನ 2-1ರಿಂದ ಸೋಲಿಸಿದ ದಿನ ಎಡಗಡೆ ಅಂಚಲ್ಲಿ ಇದ್ದವರು ಇವರೇ, ಆಗ ಅವರಿಗೆ 36 ವರ್ಷ. ಇದನ್ನ ಹೇಳಿದಾಗ ನಮ್ಮಕ್ಕನ ಮಗ ನಂಬಲಿಲ್ಲ, ಫೋನ್ ಕಿತ್ಕೊಂಡು ತಾನೇ ನೋಡಿದ.

ಅನಿಮೆಗೆ ಎರಡನೇ ಸೀಸನ್ ಬರುತ್ತೆ ಅಂತ ಅನೌನ್ಸ್ ಆಗಿದೆ. ನಮ್ಮಕ್ಕನ ಮಗ ಮೊದಲನೇದನ್ನ ಮತ್ತೆ ಶುರುವಿಂದ ನೋಡ್ತಿದಾನೆ. ಈ ಸಲ ಅಶಿತೊ ಬಾಲ್ ಮುಟ್ಟೋ ಹೊತ್ತಲ್ಲಿ ಅಲ್ಲ, ಬಾಲ್ ಇಲ್ದೇ ಇರೋ ಹೊತ್ತಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡ್ತಾನೆ, "ಮಾಮ, ಇಲ್ನೋಡಿ, ಪಾಸ್ ಬರೋಕ್ ಮುಂಚೆ ಎಷ್ಟು ಸಲ ತಿರುಗಿ ನೋಡ್ದ" ಅಂತ ಎಣಿಸ್ತಾನೆ.