ಗೆದ್ದದ್ದು ತಂಡ, ಹೆಸರು ಒಬ್ಬರಿಗೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಜಗಳದ್ದೇ. ಅಮೆರಿಕದ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಯಾವ ಕ್ವಾರ್ಟರ್‌ಬ್ಯಾಕ್‌ಗೆ, ಅಂದರೆ ಚೆಂಡು ಎಸೆದು ಆಟ ನಡೆಸುವವನಿಗೆ, ಆಡಿದ ಆಟಕ್ಕಿಂತ ಜಾಸ್ತಿ ಹೆಸರು ಬಂದಿದೆ? ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಈ ಮಾತು ತೆಗೆದು ನೋಡಿ. ಕಾಫಿ ಆರಿ ತಣ್ಣಗಾದರೂ ಮಾತು ಮುಗಿಯುವುದಿಲ್ಲ. ಈ ಸಭೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್ ಅಭಿಮಾನಿಗಳೇ ಹೆಚ್ಚು ಅಂತ ಜೆರ್ಸಿ ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ವಿಷಯವನ್ನು ಸ್ವಲ್ಪ ತಡವಾಗಿ ತೆಗೆಯುತ್ತೇನೆ. ಅಲ್ಲಿವರೆಗೆ ಯಾರೂ ಎದ್ದು ಹೋಗಬೇಡಿ.

ಈ ಆಟ ಅಷ್ಟಾಗಿ ನೋಡದವರಿಗೆ ಎರಡು ಮಾತು. ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆ, ಮೂರು ಸೆಕೆಂಡ್. ಆ ಹೊತ್ತಿನಲ್ಲಿ ಮುಂದಿರುವ ಐದು ಜನ ದಡಿಯರು ನುಗ್ಗಿ ಬರುವವರನ್ನು ತಡೆದಿರಬೇಕು. ಚೆಂಡು ಹಿಡಿಯುವ ರಿಸೀವರ್‌ಗಳು ಹೇಳಿದ ಜಾಗಕ್ಕೆ ಓಡಿರಬೇಕು. ಕೋಚ್ ಸರಿಯಾದ ಪ್ಲೇ, ಅಂದರೆ ಆ ಸಲ ಯಾರು ಏನು ಮಾಡಬೇಕು ಅನ್ನುವ ಯೋಜನೆ, ಕೊಟ್ಟಿರಬೇಕು. ಆಮೇಲೆ ಇವನ ಎಸೆತ. ಎಸೆದದ್ದನ್ನು ಇನ್ನೊಬ್ಬ ಹಿಡಿಯಬೇಕು. ತಂಡದ ಪಟ್ಟಿಯಲ್ಲಿ 53 ಜನ ಇರುತ್ತಾರೆ. ಆದರೆ ಗೆಲುವು ಸೋಲಿನ ಲೆಕ್ಕ ಬರೆಯುವುದು ಇವನೊಬ್ಬನ ಹೆಸರಿನ ಮುಂದೆ. ಆ ಐದು ದಡಿಯರಲ್ಲಿ ಒಬ್ಬನಾದ ಲೆಫ್ಟ್ ಟ್ಯಾಕಲ್ ಇಷ್ಟು ಗೆದ್ದ, ಇಷ್ಟು ಸೋತ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಆದ್ದರಿಂದ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಸುತ್ತ ಇದ್ದ ಒಳ್ಳೆಯ ಆಟಗಾರರು ಹೋದ ಮೇಲೆ ಆ ಕ್ವಾರ್ಟರ್‌ಬ್ಯಾಕ್ ಹೇಗೆ ಆಡಿದರು? ಉಳಿದದ್ದೆಲ್ಲ ಆಮೇಲೆ.

ಈ ಚರ್ಚೆ ಬಂದಾಗಲೆಲ್ಲ ಮೊದಲು ಏಟು ತಿನ್ನುವುದು ನ್ಯೂಯಾರ್ಕ್ ಜೆಟ್ಸ್‌ನ ಜೋ ನೇಮತ್. 173 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿಸಿದ ಎಸೆತ), 220 ಇಂಟರ್ಸೆಪ್ಷನ್. ಅಂದರೆ ತನ್ನವರಿಗೆ ಟಚ್‌ಡೌನ್ ಕೊಟ್ಟದ್ದಕ್ಕಿಂತ ಎದುರಾಳಿಯ ಕೈಗೆ ಚೆಂಡು ಕೊಟ್ಟದ್ದೇ ಜಾಸ್ತಿ. ಎಸೆದ ನೂರರಲ್ಲಿ ಐವತ್ತು ಮಾತ್ರ ತಲುಪಿವೆ. ಆದರೂ 1985ರಲ್ಲಿ ಶ್ರೇಷ್ಠ ಆಟಗಾರರ ಗೌರವದ ಹಾಲ್ ಆಫ್ ಫೇಮ್ ಸೇರಿದರು. ಕಾರಣ ಎಲ್ಲರಿಗೂ ಗೊತ್ತು. 1969ರ ಜನವರಿ 12ರಂದು ಮಯಾಮಿಯಲ್ಲಿ ನಡೆದ ಮೂರನೇ ಸೂಪರ್ ಬೌಲ್, ಅಂದರೆ ಸೀಸನ್‌ನ ಫೈನಲ್. ಬಾಲ್ಟಿಮೋರ್ ಕೋಲ್ಟ್ಸ್ 18 ಪಾಯಿಂಟ್ ಅಂತರದಲ್ಲಿ ಗೆಲ್ಲುತ್ತದೆ ಅಂತ ಬಾಜಿ ಕಟ್ಟುವವರ ಲೆಕ್ಕ. ಪಂದ್ಯಕ್ಕೆ ಮೂರು ದಿನ ಮುಂಚೆ ಒಂದು ಸಮಾರಂಭದಲ್ಲಿ ಯಾರೋ ಕೆಣಕಿದರು. ಗೆಲ್ಲೋದು ನಾವೇ, ಗ್ಯಾರಂಟಿ ಅಂದುಬಿಟ್ಟರು ನೇಮತ್. ಗೆದ್ದೂಬಿಟ್ಟರು, 16-7.

ಈಗ ಆ ಪಂದ್ಯವನ್ನು ಹತ್ತಿರದಿಂದ ನೋಡೋಣ. ನೇಮತ್ 28 ಎಸೆದು 17 ತಲುಪಿಸಿದರು, 206 ಯಾರ್ಡ್. ಟಚ್‌ಡೌನ್ ಪಾಸ್ ಒಂದೂ ಇಲ್ಲ. ಕೊನೆಯ ಕ್ವಾರ್ಟರ್‌ನಲ್ಲಂತೂ ಒಂದು ಸಲವೂ ಎಸೆಯಲಿಲ್ಲ. ಜೆಟ್ಸ್‌ನ ಏಕೈಕ ಟಚ್‌ಡೌನ್ ಮ್ಯಾಟ್ ಸ್ನೆಲ್ ಅವರದು. ಅವರು 30 ಸಲ ಚೆಂಡು ಹಿಡಿದು 121 ಯಾರ್ಡ್ ಓಡಿದರು. ಮಿಕ್ಕದ್ದು ಜಿಮ್ ಟರ್ನರ್ ಕಂಬಗಳ ನಡುವೆ ಒದ್ದ ಮೂರು ಫೀಲ್ಡ್ ಗೋಲ್. ಜೆಟ್ಸ್ ಡಿಫೆನ್ಸ್ ನಾಲ್ಕು ಪಾಸ್ ಕಸಿಯಿತು. ಎಂವಿಪಿ, ಅಂದರೆ ಪಂದ್ಯಶ್ರೇಷ್ಠ, ಯಾರು? ನೇಮತ್. ಸ್ನೆಲ್ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ?

ಹಾಗಾದರೆ ನೇಮತ್ ಬರೀ ಬಿಲ್ಡಪ್ಪಾ? ನಾನು ಹಾಗೆ ಹೇಳುವುದಿಲ್ಲ. ಆಗ ಕ್ವಾರ್ಟರ್‌ಬ್ಯಾಕ್‌ಗಳು ಪ್ಲೇ ತಾವೇ ಆರಿಸುತ್ತಿದ್ದರು. ನೇಮತ್ ಆ ದಿನ ಸುಮಾರು ಪ್ಲೇಗಳನ್ನು ಲೈನಿನ ಮುಂದೆ ನಿಂತು, ಎದುರಾಳಿ ಹೇಗೆ ನಿಂತಿದ್ದಾರೆ ನೋಡಿ ಬದಲಾಯಿಸಿದರು. ಸ್ನೆಲ್ ಅವರನ್ನು ಎಡಗಡೆಗೆ, ಲೆಫ್ಟ್ ಟ್ಯಾಕಲ್ ವಿನ್‌ಸ್ಟನ್ ಹಿಲ್ ಹಿಂದೆ ಮತ್ತೆ ಮತ್ತೆ ಓಡಿಸಿದರು. ರಿಸೀವರ್ ಡಾನ್ ಮೇನಾರ್ಡ್‌ಗೆ ಕಾಲು ನೋವು, ಒಂದೂ ಚೆಂಡು ಹಿಡಿಯಲಿಲ್ಲ. ಆದರೆ ಕೋಲ್ಟ್ಸ್ ಅವರ ಮೇಲೇ ಒಂದು ಕಣ್ಣಿಟ್ಟಿದ್ದರು. ನೇಮತ್ ಅದನ್ನೇ ಬಳಸಿಕೊಂಡು ಇನ್ನೊಂದು ಕಡೆ ಜಾರ್ಜ್ ಸಾವರ್‌ಗೆ ಎಂಟು ಸಲ ಚೆಂಡು ಮುಟ್ಟಿಸಿದರು. ಈ ಬುದ್ಧಿ ಅಂಕಿಯಲ್ಲಿ ಕಾಣುವುದಿಲ್ಲ. ಇನ್ನೊಂದು ವಿಷಯ. 1978ರಲ್ಲಿ ನಿಯಮ ಬದಲಾಯಿತು. ಐದು ಯಾರ್ಡ್ ದಾಟಿದ ಮೇಲೆ ರಿಸೀವರ್‌ನನ್ನು ತಳ್ಳುವಂತಿಲ್ಲ ಅಂತಾಯಿತು. ಲೈನ್‌ಮನ್‌ಗಳು ಕೈ ಚಾಚಿ ತಡೆಯಬಹುದು ಅಂತಾಯಿತು. ಅದಕ್ಕೆ ಮುಂಚೆ ಪಾಸ್ ಎಸೆಯುವುದು ಬೇರೆಯೇ ಕಷ್ಟ. 1967ರಲ್ಲಿ, 14 ಪಂದ್ಯಗಳ ಸೀಸನ್‌ನಲ್ಲಿ 4,007 ಯಾರ್ಡ್ ಎಸೆದು, ನಾಲ್ಕು ಸಾವಿರ ದಾಟಿದ ಮೊದಲಿಗರಾದದ್ದು ಇದೇ ನೇಮತ್. ಹಳೆಯ ಆಟಗಾರರ ಅಂಕಿಯನ್ನು ಇವತ್ತಿನ ಅಂಕಿಯ ಪಕ್ಕ ಇಟ್ಟು ನಗುವುದು ಸುಲಭ. ಆದರೆ ನ್ಯಾಯ ಅಲ್ಲ, ಅಲ್ವಾ?

ಅಂಕಿಯ ಮಾತು ಬಂತು. ಟಿವಿಯಲ್ಲಿ ಪಾಸರ್ ರೇಟಿಂಗ್ ಅಂತ ತೋರಿಸುತ್ತಾರಲ್ಲ, ಅದು 1973ರಲ್ಲಿ ಬಂದದ್ದು. ಗರಿಷ್ಠ 158.3. ಈ ವಿಚಿತ್ರ ಸಂಖ್ಯೆ ಯಾಕೆ ಅಂತ ನನ್ನ ಮಗಳು ಕೇಳಿದಳು. ಸೂತ್ರ ಹಾಗಿದೆ ಕಣಮ್ಮ ಅಂದೆ, ಅವಳಿಗೆ ಸಮಾಧಾನ ಆಗಲಿಲ್ಲ. ಇರಲಿ. ಅದು ಲೆಕ್ಕ ಹಿಡಿಯುವುದು ನಾಲ್ಕನ್ನೇ: ಎಷ್ಟು ಪಾಸ್ ತಲುಪಿತು, ಒಂದು ಎಸೆತಕ್ಕೆ ಎಷ್ಟು ಯಾರ್ಡ್, ಎಷ್ಟು ಟಚ್‌ಡೌನ್, ಎಷ್ಟು ಇಂಟರ್ಸೆಪ್ಷನ್. ಚೆಂಡು ಹಿಡಿದುಕೊಂಡೇ ನಿಂತು, ಎದುರಾಳಿ ಬಂದು ಕೆಡವಿ ಸ್ಯಾಕ್ ಆದರೆ ಅದು ಲೆಕ್ಕಕ್ಕಿಲ್ಲ. ಚೆಂಡು ಕೈಜಾರಿ ಬೀಳುವ ಫಂಬಲ್ ಇಲ್ಲ, ಕ್ವಾರ್ಟರ್‌ಬ್ಯಾಕ್ ತಾನೇ ಓಡಿದ್ದೂ ಇಲ್ಲ. ಎರಡು ಯಾರ್ಡ್ ದೂರಕ್ಕೆ ಸುಮ್ನೆ ಚೆಂಡು ತಳ್ಳಿ, ಹಿಡಿದವನು ನಾಲ್ಕು ಜನರನ್ನು ತಪ್ಪಿಸಿಕೊಂಡು ಅರವತ್ತು ಯಾರ್ಡ್ ಓಡಿದರೆ, ಅರವತ್ತೆರಡೂ ಯಾರ್ಡ್ ಎಸೆದವನ ಖಾತೆಗೆ ಜಮೆ.

ಈಗ ಜೋ ಫ್ಲಾಕೋ. ನನ್ನ ಪರೀಕ್ಷೆಗೆ ಇವರಷ್ಟು ಸ್ಪಷ್ಟವಾಗಿ ಸಿಗುವವರು ಇನ್ನೊಬ್ಬರಿಲ್ಲ. 2013ರ ಜನವರಿ 12, ಡೆನ್ವರ್, ಕೊರೆಯುವ ಚಳಿ. ಬಾಲ್ಟಿಮೋರ್ ರೇವನ್ಸ್ 28-35ರಿಂದ ಹಿಂದಿದ್ದಾರೆ. ಒಂದು ನಿಮಿಷವೂ ಉಳಿದಿಲ್ಲ, ತಮ್ಮದೇ 30 ಯಾರ್ಡ್ ಗೆರೆಯ ಹತ್ತಿರ ಇದ್ದಾರೆ. ಫ್ಲಾಕೋ ಮುಂದೆ ಸರಿದು, ಬಲಗಡೆ ಜಕೋಬಿ ಜೋನ್ಸ್ ಕಡೆಗೆ ಎತ್ತರಕ್ಕೆ ಎಸೆದರು. ಡೆನ್ವರ್‌ನ ರಹೀಮ್ ಮೂರ್ ಹಿಂದೆ ಹಿಂದೆ ಬಂದು, ಲೆಕ್ಕ ತಪ್ಪಿ, ಬೇಗ ನೆಗೆದರು. ಚೆಂಡು ಕೈ ಮೇಲಿಂದ ದಾಟಿತು. ಜೋನ್ಸ್ ಹಿಡಿದು ಓಡಿದರು. 70 ಯಾರ್ಡ್ ಟಚ್‌ಡೌನ್, ಗಡಿಯಾರದಲ್ಲಿ ಉಳಿದದ್ದು 31 ಸೆಕೆಂಡ್. ಎರಡನೇ ಓವರ್‌ಟೈಮ್‌ನಲ್ಲಿ ರೇವನ್ಸ್ ಗೆದ್ದರು. ಆ ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕ್‌ಔಟ್ ಪಂದ್ಯಗಳಲ್ಲಿ, ಫ್ಲಾಕೋ ಲೆಕ್ಕ 11 ಟಚ್‌ಡೌನ್, ಸೊನ್ನೆ ಇಂಟರ್ಸೆಪ್ಷನ್. ಸೂಪರ್ ಬೌಲ್‌ನಲ್ಲಿ ಸೋಲಿಸಿದ್ದು ನಿಮ್ಮ ಫೋರ್ಟಿನೈನರ್ಸ್‌ನ್ನೇ, 34-31. ಕ್ಷಮಿಸಿ, ಹೇಳಲೇಬೇಕಾಯಿತು.

ಮೂರ್ ಅರ್ಧ ಸೆಕೆಂಡ್ ತಡವಾಗಿ ನೆಗೆದಿದ್ದರೆ? ಆ ಎಸೆತ ಅದೇ ಎಸೆತ, ಫ್ಲಾಕೋ ಅದೇ ಫ್ಲಾಕೋ. ಆದರೆ ಮುಂದೆ ಸಿಕ್ಕಿದ ಕಾಂಟ್ರಾಕ್ಟ್ ಸಿಗುತ್ತಿರಲಿಲ್ಲ. ಆರು ವರ್ಷಕ್ಕೆ 120.6 ಮಿಲಿಯನ್ ಡಾಲರ್!

ಇಲ್ಲೇ ಅಸಲಿ ವಿಷಯ ಇರುವುದು. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಸಂಬಳಕ್ಕೆ ಮಿತಿ ಇದೆ. ಇಡೀ ತಂಡಕ್ಕೆ ಇಷ್ಟೇ ದುಡ್ಡು. ಒಬ್ಬರಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ ಮಾಡಲೇಬೇಕು. ಆ ಪ್ಲೇಆಫ್‌ನಲ್ಲಿ ಫ್ಲಾಕೋ ಎಸೆದ ಕಷ್ಟದ ಚೆಂಡುಗಳನ್ನು ಹಿಡಿದವರಲ್ಲಿ ಮುಖ್ಯರಾದವರು ಆಂಕ್ವಾನ್ ಬೋಲ್ಡಿನ್. ಅವರನ್ನು ಸಂಬಳದಲ್ಲಿ ಎರಡು ಮಿಲಿಯನ್ ಬಿಟ್ಟುಕೊಡಿ ಅಂತ ಕೇಳಿದರು. ಆಗಲ್ಲ ಅಂದರು. ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಆರನೇ ಸುತ್ತಿನ ಒಂದು ಪಿಕ್‌ಗೆ ಬದಲಾಗಿ ಇಲ್ಲಿಗೇ, ಸ್ಯಾನ್ ಫ್ರಾನ್ಸಿಸ್ಕೋಗೆ ಸಾಗಹಾಕಿದರು. ಬಂದ ಮೊದಲ ಪಂದ್ಯದಲ್ಲೇ ಬೋಲ್ಡಿನ್ ಪ್ಯಾಕರ್ಸ್ ವಿರುದ್ಧ 13 ಚೆಂಡು ಹಿಡಿದು 208 ಯಾರ್ಡ್ ಮಾಡಿದರು. ಅತ್ತ ಡಿಫೆನ್ಸ್‌ನ ರೇ ಲೂಯಿಸ್ ನಿವೃತ್ತಿ, ಎಡ್ ರೀಡ್ ಬೇರೆ ತಂಡಕ್ಕೆ. ಆ ವರ್ಷ ಫ್ಲಾಕೋ 19 ಟಚ್‌ಡೌನ್, 22 ಇಂಟರ್ಸೆಪ್ಷನ್. ರೇವನ್ಸ್ ಪ್ಲೇಆಫ್ ಮುಟ್ಟಲಿಲ್ಲ.

ಫ್ಲಾಕೋ ಕೆಟ್ಟ ಆಟಗಾರರಲ್ಲ. ಹತ್ತು ವರ್ಷ ಆದಮೇಲೆ, 2023ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ ಆಡಿ ಕಮ್‌ಬ್ಯಾಕ್ ಪ್ರಶಸ್ತಿ ತಗೊಂಡರು. ಆದರೆ ಒಂದು ತಿಂಗಳ ಆಟಕ್ಕೆ ಆರು ವರ್ಷದ ಬೆಲೆ ಕಟ್ಟಿದ್ದು ಅವರಲ್ಲ, ತಂಡದ ಆಡಳಿತ. ಅವರಿಗೆ ಅಷ್ಟು ದೊಡ್ಡ ಹೆಸರು ಹೊರಿಸಿದ್ದು ಆ ಚೆಕ್ಕು. ಇದೇ ರೇವನ್ಸ್ 2001ರ ಜನವರಿಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಟ್ರೆಂಟ್ ಡಿಲ್ಫರ್ ಅವರನ್ನಿಟ್ಟುಕೊಂಡು ಸೂಪರ್ ಬೌಲ್ ಗೆದ್ದಿದ್ದರು. ಆ ಸೀಸನ್‌ನ 16 ಪಂದ್ಯಗಳಲ್ಲಿ ಡಿಫೆನ್ಸ್ ಬಿಟ್ಟುಕೊಟ್ಟದ್ದು ಬರೀ 165 ಪಾಯಿಂಟ್. ಗೆದ್ದ ಮೇಲೆ ಡಿಲ್ಫರ್‌ಗೆ ಬಾಗಿಲು ತೋರಿಸಿದರು. ಕಠೋರ ಅನ್ನಿಸಬಹುದು. ಆದರೆ ಆಗ ಅವರಿಗೆ ಯಾರಿಂದ ಗೆದ್ದೆವು ಅಂತ ಸರಿಯಾಗಿ ಗೊತ್ತಿತ್ತು.

ಸರಿ, ಪರ್ಡಿಗೆ ಬರೋಣ. 2022ರ ಡ್ರಾಫ್ಟ್‌ನಲ್ಲಿ 262ನೆಯವರು, ಕಟ್ಟಕಡೆಯ ಆಯ್ಕೆ. ಮುಂದಿನ ವರ್ಷವೇ 113.0 ರೇಟಿಂಗ್‌ನೊಂದಿಗೆ ಇಡೀ ಲೀಗ್‌ಗೆ ಮೊದಲು. ಆ ಡಿಸೆಂಬರ್‌ನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್, ಪರ್ಡಿ ಅವರನ್ನು ಗೇಮ್ ಮ್ಯಾನೇಜರ್, ಅಂದರೆ ತಾನೇ ಗೆಲ್ಲಿಸದೆ ಹೇಳಿದ್ದನ್ನು ನಡೆಸುವವರ ಪಟ್ಟಿಗೆ ಸೇರಿಸಿದ್ದಕ್ಕೆ ಈ ಊರೇ ಸಿಟ್ಟಾಗಿತ್ತು. ನ್ಯೂಟನ್ ವಾದ ಮದುವೆ ಊಟದ ಥರ: ಅಡುಗೆ ಮಾಡಿದ್ದು ಕೋಚ್ ಕೈಲ್ ಶಾನಹನ್, ಬಡಿಸಿದ್ದು ಪರ್ಡಿ, ಎಲೆ ಮುಂದೆ ಕೂತವರು ಹೊಗಳಿದ್ದು ಬಡಿಸಿದವರನ್ನ. ಪೂರ್ತಿ ಸುಳ್ಳಲ್ಲ. ಮೆಕ್ಯಾಫ್ರಿ, ಡೀಬೋ ಸ್ಯಾಮ್ಯುಯೆಲ್, ಕಿಟಲ್, ಅಯೂಕ್, ಮುಂದೆ ಟ್ರೆಂಟ್ ವಿಲಿಯಮ್ಸ್. ಅಂಥ ತಂಡ ಯಾರಿಗೆ ಸಿಗುತ್ತದೆ? ಅಂಥ ತಂಡ ಕಟ್ಟಲು ಆದದ್ದಾದರೂ ಯಾಕೆ? ಪರ್ಡಿ ವರ್ಷದ ಸಂಬಳ ಒಂದು ಮಿಲಿಯನ್ ಡಾಲರ್‌ಗೂ ಕಮ್ಮಿ ಇತ್ತಲ್ಲ, ಅದಕ್ಕೆ.

2024ರಲ್ಲಿ ಮೆಕ್ಯಾಫ್ರಿ ನಾಲ್ಕೇ ಪಂದ್ಯ ಆಡಿದರು. ಅಯೂಕ್ ಮೊಣಕಾಲು ಹೋಯಿತು. ತಂಡ 6 ಗೆದ್ದು 11 ಸೋತಿತು. ಆದರೂ 2025ರಲ್ಲಿ ಪರ್ಡಿಗೆ ಐದು ವರ್ಷಕ್ಕೆ 265 ಮಿಲಿಯನ್. ಅದೇ ಬೇಸಗೆಯೊಳಗೆ ಡೀಬೋ ಐದನೇ ಸುತ್ತಿನ ಪಿಕ್‌ಗೆ ವಾಷಿಂಗ್ಟನ್ ಪಾಲಾದರು. ಡಿಫೆನ್ಸ್‌ನ ಗ್ರೀನ್‌ಲಾ, ಹುಫಾಂಗ, ವಾರ್ಡ್ ಕೂಡ ಹೋದರು. ಬೋಲ್ಡಿನ್ ಕಥೆ ನೆನಪಾಗಲ್ವಾ? ಆದರೂ ಪರ್ಡಿ ಬಗ್ಗೆ ನಾನು ಒಂದು ಮಾತು ಒಪ್ಪುತ್ತೇನೆ. ರಿಸೀವರ್ ಇನ್ನೂ ತಿರುಗುವ ಮುಂಚೆಯೇ ಚೆಂಡು ಬಿಡುವ ಧೈರ್ಯ ಅವರದು. ಅದು ಕೋಚ್ ಹೇಳಿಕೊಟ್ಟರೂ ಎಲ್ಲರಿಗೂ ಬರುವುದಿಲ್ಲ. ಫೋರ್ಟಿನೈನರ್ಸ್‌ನಲ್ಲೇ ಶಾನಹನ್ ಕೈಕೆಳಗೆ ಬೇರೆಯವರೂ ಆಡಿದ್ದಾರೆ, ಆ ಅಂಕಿ ಅವರಿಗೆ ಬರಲಿಲ್ಲ.

ಒಂದು ಎಚ್ಚರಿಕೆ ಹೇಳದೆ ಇದ್ದರೆ ಈ ವಿಷಯಕ್ಕೆ ಮೋಸ ಮಾಡಿದಂತೆ. 2003ರಲ್ಲಿ ರಶ್ ಲಿಂಬಾ ಎನ್ನುವ ರಾಜಕೀಯದ ರೇಡಿಯೋ ಮಾತುಗಾರ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನಲ್ಲಿ ಕೂತು, ಫಿಲಡೆಲ್ಫಿಯದ ಡಾನವನ್ ಮೆಕ್‌ನ್ಯಾಬ್‌ಗೆ ಜಾಸ್ತಿ ಹೆಸರು ಬಂದಿದೆ ಅಂದರು. ಅಷ್ಟೇ ಅಂದಿದ್ದರೆ ಅದು ಆಟದ ಮಾತು. ಆದರೆ ಕಾರಣ ಕೊಟ್ಟರು: ಕಪ್ಪು ಕ್ವಾರ್ಟರ್‌ಬ್ಯಾಕ್ ಗೆಲ್ಲಲಿ ಅಂತ ಮಾಧ್ಯಮಕ್ಕೆ ಆಸೆ. ಆ ವಾರವೇ ರಾಜೀನಾಮೆ ಕೊಡಬೇಕಾಯಿತು. ಇತಿಹಾಸ ನಡೆದದ್ದು ತಿರುವುಮುರುವು. ವಾರೆನ್ ಮೂನ್ 1978ರ ರೋಸ್ ಬೌಲ್ ಎಂಬ ಕಾಲೇಜು ಪಂದ್ಯದ ಶ್ರೇಷ್ಠ ಆಟಗಾರ. ಆ ವರ್ಷದ ಡ್ರಾಫ್ಟ್‌ನ 12 ಸುತ್ತಿನಲ್ಲಿ ಒಂದು ತಂಡವೂ ಅವರನ್ನು ಕರೆಯಲಿಲ್ಲ. ಕೆನಡಾಗೆ ಹೋಗಿ ಎಡ್ಮಂಟನ್ ತಂಡಕ್ಕೆ ಅಲ್ಲಿನ ಲೀಗ್‌ನ ಗ್ರೇ ಕಪ್ ಸಾಲಾಗಿ ಐದು ಸಲ ಗೆದ್ದುಕೊಟ್ಟರು. ಆಮೇಲೆ ಇಲ್ಲಿಗೆ ಬಂದು, 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅಲ್ಲಿಗೆ ಹೋದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರು. ಮೆಕ್‌ನ್ಯಾಬ್ ಅಂತೂ ಲಿಂಬಾ ಹಾಗಂದ ಮುಂದಿನ ಸೀಸನ್‌ನಲ್ಲೇ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದರು. ಯಾರಿಗೆ ಹೆಸರು ಜಾಸ್ತಿ ಅಂತ ಹೇಳುವವರು ಆಟ ನೋಡಿ ಹೇಳುತ್ತಿದ್ದಾರೋ ಮುಖ ನೋಡಿ ಹೇಳುತ್ತಿದ್ದಾರೋ, ಅದನ್ನೂ ನಾವು ಕೇಳಬೇಕು.

ಕೊನೆಗೆ ನ್ಯೂಯಾರ್ಕ್ ಜೈಂಟ್ಸ್‌ನ ಈಲೈ ಮ್ಯಾನಿಂಗ್. ನ್ಯೂ ಜೆರ್ಸಿಯಿಂದ ಈ ಕಡೆ ಬಂದು ನೆಲೆಸಿದವರು ಇದಕ್ಕೇ ಕಾಯುತ್ತಿದ್ದಾರೆ ಅಂತ ಗೊತ್ತು. 117 ಗೆಲುವು, 117 ಸೋಲು. 244 ಇಂಟರ್ಸೆಪ್ಷನ್. ಎರಡು ಸೂಪರ್ ಬೌಲ್, ಎರಡರಲ್ಲೂ ಎಂವಿಪಿ. ಮೊದಲನೆಯದನ್ನು ನಾನು ಡಿಫೆನ್ಸ್ ಖಾತೆಗೆ ಹಾಕುತ್ತೇನೆ. 18 ಪಂದ್ಯ ಸೋಲದೆ ಬಂದ ನ್ಯೂ ಇಂಗ್ಲೆಂಡ್‌ನ್ನು 14 ಪಾಯಿಂಟ್‌ಗೆ ಕಟ್ಟಿಹಾಕಿದ್ದು ಈಲೈ ಅಲ್ಲ. ಆದರೆ 2011ರ ಸೀಸನ್ ಬೇರೆ. ಆ ವರ್ಷ ಜೈಂಟ್ಸ್ ಚೆಂಡು ಹಿಡಿದು ಓಡುವುದರಲ್ಲಿ ಇಡೀ ಲೀಗ್‌ಗೆ ಕೊನೆ. ಈಲೈ 4,933 ಯಾರ್ಡ್ ಎಸೆದರು. ಸೂಪರ್ ಬೌಲ್‌ಗೆ ಮುಂಚಿನ ಎನ್‌ಎಫ್‌ಸಿ ಫೈನಲ್ ಇಲ್ಲೇ ಕ್ಯಾಂಡಲ್‌ಸ್ಟಿಕ್ ಮೈದಾನದಲ್ಲಿ, ಮಳೆಯಲ್ಲಿ. ಫೋರ್ಟಿನೈನರ್ಸ್ ಈಲೈಯನ್ನು ಆರು ಸಲ ಕೆಡವಿದರು. ಎದ್ದು ಎದ್ದು 58 ಸಲ ಎಸೆದರು. ಫೋರ್ಟಿನೈನರ್ಸ್‌ನ ಕೈಲ್ ವಿಲಿಯಮ್ಸ್ ಎದುರಾಳಿ ಒದ್ದ ಪಂಟ್ ಕೈಬಿಟ್ಟದ್ದು ಎಲ್ಲರಿಗೂ ನೆನಪಿದೆ, ಆ 58 ಎಸೆತ ಯಾರಿಗೂ ನೆನಪಿಲ್ಲ. ನನ್ನ ಪರೀಕ್ಷೆಯಲ್ಲಿ ಆ ವರ್ಷದ ಈಲೈ ಪಾಸು. ಮಿಕ್ಕ ವರ್ಷಗಳ ಈಲೈ ಸಾಧಾರಣ. 2025ರಲ್ಲಿ ಮೊದಲ ಸಲ ಹೆಸರು ಬಂದಾಗ ಹಾಲ್ ಆಫ್ ಫೇಮ್‌ನವರು ಆರಿಸಲಿಲ್ಲ. ನನಗೆ ವೋಟಿದ್ದರೆ ನಾನೂ ಹಾಕುತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ನೀಲಿ ಜೆರ್ಸಿ ಹಾಕಿದವರು ಆಗಲೇ ಕೈ ಎತ್ತಿದ್ದಾರೆ. ಮೈಕ್ ಅವರಿಗೆ ಕೊಡಿ.