ಬಿಸಿಲಿಗೆ ಎತ್ತರ ಏರುವ ರನ್‌ವೇ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಲೆಡ್‌ವಿಲ್ ಎಂಬ ಹಳೆಯ ಗಣಿ ಊರಿದೆ. ಸುತ್ತ ರಾಕಿ ಪರ್ವತಗಳು. ಊರಿಗೆ ಹತ್ತಿರದಲ್ಲೇ ಲೇಕ್ ಕೌಂಟಿ ವಿಮಾನ ನಿಲ್ದಾಣ. ಸಮುದ್ರಮಟ್ಟದಿಂದ ಅದರ ಎತ್ತರ 9,934 ಅಡಿ. ಉತ್ತರ ಅಮೆರಿಕದಲ್ಲಿ ಸಾರ್ವಜನಿಕ ಬಳಕೆಗಿರುವ ನಿಲ್ದಾಣಗಳ ಪೈಕಿ ಇದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ.

ದೊಡ್ಡ ಕಂಪನಿಗಳ ವಿಮಾನ ಇಲ್ಲಿಗೆ ಬರುವುದಿಲ್ಲ. ಬರುವುದು ಸಣ್ಣ ಖಾಸಗಿ ವಿಮಾನಗಳು, ಹೆಲಿಕಾಪ್ಟರ್‌ಗಳು. ಕಂಟ್ರೋಲ್ ಟವರ್ ಕೂಡ ಇಲ್ಲ. ತಾನು ಎಲ್ಲಿದ್ದೇನೆ, ಯಾವ ಕಡೆಯಿಂದ ಇಳಿಯುತ್ತೇನೆ ಎಂದು ಪೈಲಟ್‌ಗಳೇ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ರನ್‌ವೇ ಉದ್ದ 6,400 ಅಡಿ. ಸಣ್ಣ ವಿಮಾನಕ್ಕೆ ಇಷ್ಟು ಧಾರಾಳವಾಯಿತು ಅನ್ನಿಸುತ್ತದೆ, ಅಲ್ವಾ? ಬಯಲು ಸೀಮೆಯಲ್ಲಾದರೆ ಹೌದು. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ಸುಮಾರು 70 ಭಾಗ ಮಾತ್ರ. ಗಾಳಿ ತೆಳುವಾದರೆ ಎಂಜಿನ್ ಸೊರಗುತ್ತದೆ, ಪ್ರೊಪೆಲರ್‌ಗೆ ಹಿಡಿತ ಸಿಗುವುದಿಲ್ಲ, ರೆಕ್ಕೆ ಮೇಲೇಳಲು ಜಾಸ್ತಿ ವೇಗ ಬೇಕು. ಮೂರೂ ಒಟ್ಟಿಗೇ ಬಂದು ಕಾಡುತ್ತವೆ.

ಇದರ ಮೇಲೆ ಬಿಸಿಲು. ಕಾದ ಗಾಳಿ ಇನ್ನೂ ತೆಳು. ಪೈಲಟ್‌ಗಳು ಇದರ ಲೆಕ್ಕವನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ, ಅಂದರೆ ಗಾಳಿ ಎಷ್ಟು ತೆಳುವೋ ಅದಕ್ಕೆ ತಕ್ಕ ಎತ್ತರ. ಬೇಸಿಗೆಯ ಮಧ್ಯಾಹ್ನ ಲೆಡ್‌ವಿಲ್‌ನಲ್ಲಿ 25 ಡಿಗ್ರಿ ಸೆಲ್ಸಿಯಸ್ ಇದೆ ಅನ್ನಿ. ನಮಗೆ ಹಿತವಾದ ಹವೆ. ವಿಮಾನಕ್ಕೆ ಮಾತ್ರ ಆ ರನ್‌ವೇ ಹೆಚ್ಚುಕಡಿಮೆ 13,500 ಅಡಿ ಮೇಲಿದ್ದ ಹಾಗೆ! ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಎಷ್ಟೋ ಸಣ್ಣ ವಿಮಾನಗಳು ಅಷ್ಟು ಎತ್ತರದಲ್ಲಿ ಮೇಲೇರಲು ಏದುಸಿರು ಬಿಡುತ್ತವೆ.

ಇಳಿಯುವಾಗ ಕಣ್ಣೂ ಮೋಸ ಮಾಡುತ್ತದೆ. ತೆಳು ಗಾಳಿಯಲ್ಲಿ ವೇಗದ ಮುಳ್ಳು ದಿನದಂತೆಯೇ ಇದ್ದರೂ ವಿಮಾನದ ನಿಜವಾದ ವೇಗ ಜಾಸ್ತಿ, ಹಾಗಾಗಿ ನೆಲ ಸರ್ರನೆ ಹಿಂದೆ ಓಡುತ್ತದೆ. ವೇಗ ಹೆಚ್ಚಾಯಿತೆಂದು ಹೆದರಿ ವಿಮಾನದ ಮೂಗು ಎತ್ತಿದರೆ ವೇಗ ಕುಸಿದು ಅಪಾಯ. ಕಣ್ಣಿಗಿಂತ ಮುಳ್ಳನ್ನೇ ನಂಬಬೇಕು. ನನ್ನ ಪ್ರಕಾರ, ಬಯಲಿನಲ್ಲಿ ಕಲಿತ ಪೈಲಟ್‌ಗೆ ಇದೇ ಎಲ್ಲಕ್ಕಿಂತ ಕಷ್ಟದ ಪಾಠ.

ಹೊಸ ಹೆಲಿಕಾಪ್ಟರ್‌ಗಳ ತಾಕತ್ತು ನೋಡಲು ತಯಾರಕರು ಇಲ್ಲಿಗೆ ಬರುವುದು ಈ ತೆಳು ಗಾಳಿಗಾಗಿಯೇ. ಇಂಥ ನಿಲ್ದಾಣ ಊರಿಗೂ ಆಸರೆ. ರೋಗಿಯನ್ನು ದೂರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾದಾಗ, ಹಿಮ ಬಿದ್ದು ರಸ್ತೆ ಕಟ್ಟಿದಾಗ, ಒಂದು ರನ್‌ವೇ ಇರುವುದು ಸಣ್ಣ ಮಾತಲ್ಲ.

ಬೆಟ್ಟದ ಪೈಲಟ್‌ಗಳ ಲೆಕ್ಕಾಚಾರ ಒಂದಿದೆ. ರನ್‌ವೇ ಅರ್ಧ ಮುಗಿಯುವ ಹೊತ್ತಿಗೆ, ನೆಲ ಬಿಡಲು ಬೇಕಾದ ವೇಗದಲ್ಲಿ ನೂರಕ್ಕೆ 70 ಭಾಗ ಬರದಿದ್ದರೆ ಅಲ್ಲೇ ನಿಲ್ಲಿಸು. ಆಮೇಲೆ ಇಂಧನ ಇಳಿಸಬಹುದು, ಸಾಮಾನು ಬಿಟ್ಟು ಹೋಗಬಹುದು, ಇಲ್ಲವೇ ಮರುದಿನ ಬೆಳಗಿನ ತಂಪಿಗೆ ಕಾಯಬಹುದು. ಇಂಥ ಕಡೆ ನಿಮ್ಮ ಪೈಲಟ್ 'ಈಗ ಬೇಡ, ನಾಳೆ ಹೊರಡೋಣ' ಎಂದರೆ ದಯವಿಟ್ಟು ಅವಸರ ಮಾಡಬೇಡಿ.

ನಮಸ್ಕಾರ.